ಸದ್ದಿಲ್ಲದ ಲ್ಯಾಪ್‌ಟಾಪ್

ಟಣ್, ಟಣ್, ಟಣ್. ಗ್ಯಾಸ್ ಮಾರುವವನು ಸ್ಪ್ಯಾನರಿನಿಂದ ಕತ್ತೆಗಾಡಿಯ ಮೇಲಿನ ಸಿಲಿಂಡರಿನ ಹೊಟ್ಟೆಗೆ ಬಡಿಯುತ್ತಾ ಗಲ್ಲಿಯೊಳಗೆ ಬಂದಾಗ ಬಯೂಮಿ ಹಾಡಿನ ಎರಡನೆಯ ಚರಣದಲ್ಲಿದ್ದ. ಕಣ್ಣು ಮುಚ್ಚಿ, ಒಂದು ಅಂಗೈಯನ್ನು ಕಿವಿಗೆ ಆನಿಸಿಕೊಂಡು, ಮದುಮಗಳ ಹೆಸರನ್ನು ಮೆಲ್ಲಗೆ ಮೇಲಿನ ಸ್ವರಕ್ಕೆ ಒಯ್ಯುತ್ತಿದ್ದವನು ಅಲ್ಲೇ ನಿಂತುಬಿಟ್ಟ. ಅಷ್ಟರಲ್ಲಿ ಮೈಕು ಸಿಲಿಂಡರಿನ ಸದ್ದನ್ನೂ ನುಂಗಿಯಾಗಿತ್ತು.

ಮೆತ್ವಲ್ಲಿ ಕುರ್ಚಿಯಿಂದೆದ್ದು ಬಾಗಿಲು ತೆರೆದ. ಮನೆಯ ಮೆಟ್ಟಿಲ ಕೆಳಗಿನ ಆ ಕೋಣೆಯೇ ಅವನ ಸ್ಟುಡಿಯೋ. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದ, ಕಿಟಕಿಗೆ ಹಾಸಿಗೆ ಒತ್ತಿದ್ದ. ಆದರೂ ಮಹಲ್ಲಾ ಊರಿನ ಗಲ್ಲಿಗಳು ಎಲ್ಲಿಂದಲಾದರೂ ಒಳಗೆ ನುಸುಳುತ್ತಿದ್ದವು.

"ಲೋ ಮಾರಾಯ, ಒಂದು ಗಳಿಗೆ ಕೈ ತಡಿಯೋ! ಒಳಗೆ ರೆಕಾರ್ಡಿಂಗ್ ನಡೀತಿದೆ."

"ತಾಳ ಹಾಕ್ತಿದೀನಿ ಉಸ್ತಾ! ದುಡ್ಡು ಬೇಡ ಬಿಡು, ನಗ್ಲಾ ಮದುವೆಗೆ ನನ್ನ ಮುಯ್ಯಿ ಅಂದ್ಕೊ."

"ನಿನ್ನ ತಾಳ ತಪ್ಪಿದೆ."

"ಅದನ್ನ ಕತ್ತೇಗೆ ಹೇಳು. ಅದು ಹೆಜ್ಜೆ ಹಾಕಿದ ಹಾಗೆ ನಾನು ಬಡಿಯೋದು."

ಮೆತ್ವಲ್ಲಿ ನಕ್ಕು ಬಾಗಿಲು ಹಾಕಿದ. ಐವತ್ತನಾಲ್ಕರ ಗಂಡಸು, ಬೆನ್ನು ಸ್ವಲ್ಪ ಬಾಗಿತ್ತು, ಮೀಸೆಯಲ್ಲಿ ಇನ್ನೂ ಕಪ್ಪು ಉಳಿದಿತ್ತು. ಕಸುಬು ಬಲ್ಲವರನ್ನು ಉಸ್ತಾ ಎಂದು ಕರೆಯುವ ಊರು ಅದು. ಮಹಲ್ಲಾದಲ್ಲಿ ಹಾಡಿಗೆ ಸಂಬಂಧಪಟ್ಟಂತೆ ಉಸ್ತಾ ಎಂದರೆ ಅವನೊಬ್ಬನೇ ಎಂಬ ಕಾಲವೊಂದಿತ್ತು.

ಅವನು ಮಾಡುವುದು ದಿಬ್ಬಣದ ಹಾಡುಗಳನ್ನು. ಮದುಮಗಳು ತವರಿನ ಮೆಟ್ಟಿಲಿಳಿದು ಬೀದಿಗೆ ಬರುವಾಗ ದೊಡ್ಡ ಸ್ಪೀಕರುಗಳಲ್ಲಿ ಮೊಳಗುವ ಹಾಡು. ಅದರಲ್ಲಿ ಅವಳ ಹೆಸರು ಬರಬೇಕು, ವರನ ಹೆಸರು ಬರಬೇಕು, ಎರಡೂ ಕಡೆಯ ತಾಯಂದಿರ ಹೆಸರೂ ಬರಬೇಕು. ಪ್ರತಿ ಮದುವೆಗೂ ಹೊಸ ಹಾಡು. ಮತ್ತೆ, ಆ ಬೀದಿಗಳಲ್ಲಿ ಒಂದು ಕಟ್ಟಳೆಯಿತ್ತು. ಮದುಮಗಳು ತನ್ನ ದಿಬ್ಬಣದ ಹಾಡನ್ನು ಮೆಟ್ಟಿಲಿಳಿಯುವ ಗಳಿಗೆಗೆ ಮುಂಚೆ ಕೇಳಬಾರದು. ಹಾಡುಗಾರ್ತಿಯರು ಗೆಜ್ಜೆ ಕಟ್ಟಿದ ದಫ್ ಬಡಿಯುತ್ತಾ ಬಾಯಲ್ಲೇ ಹಾಡು ಕಟ್ಟುತ್ತಿದ್ದ ಕಾಲದಿಂದಲೂ ಹಾಗೆಯೇ. ಮುಂಚೆಯೇ ಕೇಳಿದವಳಿಗೆ ಮೆಟ್ಟಿಲ ಮೇಲೆ ಅಳು ಬರುವುದಿಲ್ಲ. ಅಲ್ಲಿ ಉಳಿದ ಅಳು ಗಂಡನ ಮನೆಯವರೆಗೂ ಅವಳ ಹಿಂದೆ ಹೋಗುತ್ತದೆ ಎಂದು ಹೆಂಗಸರು ನಂಬಿದ್ದರು. ಎದುರು ಮನೆಯ ಹುಡುಗಿಯೊಬ್ಬಳು ಗೆಳತಿಯ ಫೋನಿನಲ್ಲಿ ಕದ್ದು ಕೇಳಿದ್ದಳು. ಮೂರೇ ತಿಂಗಳಿಗೆ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಬಂದಳು. ಗಂಡ ಕುಡುಕ ಎನ್ನುವುದು ಊರಿಗೆಲ್ಲ ಗೊತ್ತಿದ್ದರೂ ಹೆಂಗಸರು ಫೋನನ್ನೇ ಶಪಿಸಿದರು.

ಮೆತ್ವಲ್ಲಿ ಇದನ್ನೆಲ್ಲ ನಂಬಿದ್ದನೋ ಇಲ್ಲವೋ, ಮೂವತ್ತು ವರ್ಷಗಳಲ್ಲಿ ಒಬ್ಬ ಮದುಮಗಳನ್ನೂ ಸ್ಟುಡಿಯೋದ ಬಾಗಿಲ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಇವತ್ತು ತನ್ನ ಮಗಳನ್ನೂ ದೊಡ್ಡಮ್ಮನ ಮನೆಗೆ ಅಟ್ಟಿದ್ದ. ಮುಂದಿನ ವಾರ ಕಳೆದು ಅದರ ಮುಂದಿನ ಗುರುವಾರ ನಗ್ಲಾಳ ಮದುವೆ. ವರ ದೂರದ ದಮಿಯತ್ತಾ ಊರಿನ ಬಡಗಿ. ಆ ಬೀದಿಯ ನೂರಾರು ಹೆಣ್ಣುಮಕ್ಕಳನ್ನು ತನ್ನ ಹಾಡಿನಲ್ಲಿ ಕಳಿಸಿಕೊಟ್ಟವನು ಇನ್ನು ತನ್ನ ಒಬ್ಬಳೇ ಮಗಳನ್ನು ಕಳಿಸಿಕೊಡಬೇಕು. ಆ ಹಾಡು ತನ್ನ ಕೈಯಿಂದಲೇ ಆಗಬೇಕು. ಅವನಿಗೆ ಬೇರೇನೂ ಬೇಕಿರಲಿಲ್ಲ.

"ಎಲ್ಲಿ, ಹಾಕು ಕೇಳೋಣ," ಎಂದ ಬಯೂಮಿ.

ಮೆತ್ವಲ್ಲಿ ಗುಂಡಿ ಒತ್ತಿದ. ಕಾಲು ನಿಮಿಷ ಕೇಳಿದ್ದೇ ತಡ, ಬಯೂಮಿ ಹೆಡ್‌ಫೋನನ್ನು ಚೇಳು ಕಡಿದವನ ಹಾಗೆ ಕಿತ್ತು ಮೇಜಿನ ಮೇಲಿಟ್ಟ.

"ಇದೇನೋ ಇದು! ನನ್ನ ಗಂಟಲಿಗೆ ಸೂಜಿ ಪೋಣಿಸಿದೀಯ."

"ಸ್ಪಷ್ಟವಾಗಿ ಕೇಳ್ಲಿ ಅಂತ ಸ್ವಲ್ಪ ಮೇಲೆತ್ತಿದೀನಿ."

"ಸ್ವಲ್ಪಾನಾ? ದಫ್‌ನ ಗೆಜ್ಜೆ ಕೇಳಿದ್ರೆ ಅಡುಗೆಮನೇಲಿ ಗಾಜಿನ ಲೋಟ ಒಡೆದಂಗಿದೆ. ನೋಡು, ಬೇರೆಯವರ ಮದುವೆಯಾಗಿದ್ರೆ ಕಾಸು ತಗೊಂಡು ಸುಮ್ನಿರ್ತಿದ್ದೆ. ನಗ್ಲಾ ನನ್ನ ಹೆಗಲ ಮೇಲೆ ಬೆಳೆದ ಕೂಸು. ಅವಳ ಹೆಸರನ್ನ ಹಿಂಗೆ ಕಿರುಚಲ್ಲ ನಾನು."

"ನಿನ್ನ ಗಂಟಲು ಚೆನ್ನಾಗೇ ಇದೆ ಕಣೋ. ಕೆಟ್ಟಿರೋದು ಈ ಡಬ್ಬ. ಏಳು ವರ್ಷ ಆಯ್ತು, ಮುದಿ ಒಂಟೆ ಹಾಗೆ ಏದುಸಿರು ಬಿಡುತ್ತೆ. ಸೌಂಡೆಲ್ಲ ಇದರೊಳಗೇ ಹಾಳಾಗ್ತಿದೆ."

ಬಯೂಮಿ ಚಹಾದ ಲೋಟ ಪಕ್ಕಕ್ಕಿಟ್ಟ. ಮೂವತ್ತು ವರ್ಷಗಳ ಗೆಳೆಯ, ಹೇಳಬೇಕಾದ್ದನ್ನು ನುಂಗುವ ಜಾತಿಯವನಲ್ಲ.

"ರೆಕಾರ್ಡ್ ಮಾಡಿರೋದನ್ನ ಇಮಾದ್ ಹತ್ರ ಒಯ್ದರೆ..."

"ಆ ಹೆಸರು ಎತ್ತಬೇಡ."

"ಮಿಕ್ಸಿಂಗ್ ಮಾತ್ರ ಕಣೋ."

"ನನ್ನ ಮಗಳ ಹಾಡು ಇನ್ನೊಬ್ಬನ ಅಂಗಡಿಯಿಂದ ಬರುತ್ತಾ? ನಾಳೇನೇ ಹೊಸ ಲ್ಯಾಪ್‌ಟಾಪ್ ತರ್ತೀನಿ. ಆಮೇಲೆ ಕೇಳು ನಿನ್ನ ಗಂಟಲು."

ಇಮಾದ್ ಐದು ವರ್ಷ ಈ ಕೋಣೆಯ ನೆಲದ ಮೇಲೆ ಕುಳಿತು ಕಲಿತವನು. ಈಗ ರೈಲ್ವೆ ಗೇಟಿನಾಚೆ ಗಾಜಿನ ಬಾಗಿಲಿನ ಸ್ಟುಡಿಯೋ ಇಟ್ಟಿದ್ದ. ಕಳೆದ ಆರು ತಿಂಗಳಲ್ಲಿ ಮೆತ್ವಲ್ಲಿಯ ಮೂವರು ಹಾಡುಗಾರರು ಒಬ್ಬರ ಹಿಂದೊಬ್ಬರು ಆ ಗೇಟು ದಾಟಿದ್ದರು. ಯಾರೂ ಜಗಳವಾಡಿರಲಿಲ್ಲ. "ಸೌಂಡು ಸ್ವಲ್ಪ ಚುಚ್ಚುತ್ತೆ ಉಸ್ತಾ," ಎಂದಿದ್ದರು ಅಷ್ಟೇ. ಮೆತ್ವಲ್ಲಿ ಪ್ರತಿ ಸಲವೂ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದ್ದ.

ಅವನ ಮೇಲೆ ತಪ್ಪು ಹೊರಿಸುವುದು ಯಾರಿಗೂ ಹೊಳೆಯುವಂತಿರಲಿಲ್ಲ. ಮೆತ್ವಲ್ಲಿ ಎಂದರೆ ಕಿವಿ. ಅವನ ತಂದೆ ಮಹಲ್ಲಾದ ಗಿರಣಿಯಲ್ಲಿ ನೇಕಾರ. ನಾಲ್ಕು ಮಗ್ಗಗಳ ನಡುವೆ ನಿಂತು ಮೂವತ್ತೆರಡು ವರ್ಷ ಕಳೆದು, ಕೊನೆಗೆ ಹೆಂಡತಿಯ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಮಗ್ಗದ ಸಾಲಿನಲ್ಲಿ ಕೂಗಿ ಪ್ರಯೋಜನವಿಲ್ಲದ್ದರಿಂದ ನೇಕಾರರು ಕೈಸನ್ನೆಯಲ್ಲೇ ಹರಟುತ್ತಿದ್ದರು. ತಂದೆ ಆ ಸನ್ನೆಗಳನ್ನು ಮನೆಗೂ ತಂದಿದ್ದ. ರೊಟ್ಟಿಗೊಂದು ಸನ್ನೆ, ಸಾಕು ಎನ್ನುವುದಕ್ಕೊಂದು ಸನ್ನೆ. ಹದಿನೈದರ ಮೆತ್ವಲ್ಲಿಯನ್ನು ಒಂದು ಬೆಳಿಗ್ಗೆ ಗಿರಣಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದಾಗ, ಸಾವಿರ ಮಗ್ಗಗಳ ಆ ಗದ್ದಲ ಎದೆಯೊಳಗೇ ಹೊಕ್ಕಂತಾಗಿ ಹುಡುಗ ಓಡಿಬಂದಿದ್ದ. ನನ್ನ ಕಿವಿ ನಾನು ಯಾರಿಗೂ ಕೊಡುವುದಿಲ್ಲ ಎಂದು ಅವತ್ತು ತಾಯಿಯ ಮುಂದೆ ಅತ್ತಿದ್ದ.

ಆ ಕಿವಿಯನ್ನು ಅವನು ಹಾಡಿಗೆ ಕೊಟ್ಟ. ಸೋದರಮಾವನ ಹಳೆಯ ಅಕಾರ್ಡಿಯನ್ ಸಿಕ್ಕಿತ್ತು. ಪರದೇಶದಲ್ಲಿ ಮಾಡಿದ ಆ ಪೆಟ್ಟಿಗೆಯಲ್ಲಿ ಅವರ ಹಾಡಿಗೆ ಬೇಕಾದ ಸ್ವರಗಳು ಇರುವುದಿಲ್ಲ. ಎರಡು ಸ್ವರಮನೆಗಳ ನಡುವಿನ ಸಂದಿಯಲ್ಲಿ ನಿಲ್ಲುವ ಸ್ವರಗಳವು. ಹದಿನೇಳನೆಯ ವಯಸ್ಸಿನಲ್ಲಿ ಅವನು ಪೆಟ್ಟಿಗೆ ಬಿಚ್ಚಿ, ಒಳಗಿನ ಹಿತ್ತಾಳೆಯ ನಾಲಿಗೆಗಳನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ, ಊದಿ ನೋಡಿ, ಮತ್ತೆ ಉಜ್ಜಿ, ಆ ಸ್ವರಗಳನ್ನು ಕರೆತಂದ. ಯಾವ ಯಂತ್ರದ ಸಹಾಯವೂ ಇಲ್ಲ. ಆಮೇಲೆ ಕೀಬೋರ್ಡ್ ಬಂತು, ಬೀದಿ ಮದುವೆಗಳು ಬಂದವು. ಮಹಲ್ಲಾದಲ್ಲಿ ಮದುವೆ ಮನೆಯ ಮರ್ಯಾದೆಯನ್ನು ಸದ್ದಿನಿಂದ ಅಳೆಯುತ್ತಾರೆ. ಮೂರು ಬೀದಿಯಾಚೆ ಮಲಗಿದವನು ಎದ್ದು ಕೂರದಿದ್ದರೆ ಅದೆಂಥ ಮದುವೆ! ಸ್ಪೀಕರುಗಳನ್ನು ಮನುಷ್ಯನೆತ್ತರಕ್ಕೆ ಎರಡರಷ್ಟು ಪೇರಿಸುತ್ತಿದ್ದರು. ಕೀಬೋರ್ಡಿನವನ ಜಾಗ ಅದರ ಪಕ್ಕದಲ್ಲೇ. ವಾರಕ್ಕೆ ಮೂರು ಮದುವೆ, ನಾಲ್ಕು ಮದುವೆ. ಮದುವೆ ಮುಗಿಸಿ ಬಂದಾಗ ತಲೆಯೊಳಗೆ ಜೀರುಂಡೆಯೊಂದು ಕೂಗುತ್ತಿರುತ್ತಿತ್ತು, ಮಲಗಿ ಎದ್ದರೆ ಹೋಗಿರುತ್ತಿತ್ತು. ಒಂದು ವರ್ಷ ಅದು ಹೋಗಲಿಲ್ಲ. ಅವನೂ ಅದಕ್ಕೆ ಒಗ್ಗಿಕೊಂಡ.

ಮರುದಿನ ಮಧ್ಯಾಹ್ನ ಹೆಂಡತಿ ಇನ್ಸಾಫ್ ತನ್ನ ಚೀಟಿಯ ಹಣವನ್ನು ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು.

"ಚೌಕಾಸಿ ಮಾಡು. ಆ ಅಂಗಡಿ ಗಿರ್ಗಿಸ್ ನಗ್ತಾ ನಗ್ತಾ ಚರ್ಮ ಸುಲೀತಾನೆ."

"ಮದುವೆ ಮುಂದಿಟ್ಕೊಂಡು ಇದು ಬೇಕಾ ಅಂತ ಬೈಯ್ತೀಯ ಅಂದ್ಕೊಂಡಿದ್ದೆ."

"ಅವಳು ಈ ಮನೆಯಿಂದ ಒಯ್ಯೋದು ಆ ಹಾಡೊಂದನ್ನೇ. ಪಾತ್ರೆ ಪಗಡ ದಮಿಯತ್ತಾದಲ್ಲೂ ಸಿಗುತ್ತೆ," ಎಂದು ಇನ್ಸಾಫ್ ಮುಲೂಖಿಯಾ ಸೊಪ್ಪು ಕೊಚ್ಚಲು ಒಳಗೆ ಹೋದಳು.

ನಗ್ಲಾ ಜೊತೆಗೆ ಬಂದಳು. ಇಪ್ಪತ್ತಮೂರರ ಹುಡುಗಿ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಪರೀಕ್ಷಿಸುವ ಕೆಲಸ. ಲ್ಯಾಪ್‌ಟಾಪಿನ ನಂಬರುಗಳು ಅವಳಿಗೆ ತಿಳಿಯುತ್ತಿದ್ದವು. ಮುಗಿದ ಹಾಡುಗಳನ್ನು ಗಿರಾಕಿಗಳ ಫೋನಿಗೆ ಕಳಿಸುವವಳೂ ಅವಳೇ.

ಗಿರ್ಗಿಸ್‌ನ ಅಂಗಡಿ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಯುರೋಪಿನ ಕಚೇರಿಗಳಲ್ಲಿ ದುಡಿದು ನಿವೃತ್ತಿಯಾದ ಲ್ಯಾಪ್‌ಟಾಪುಗಳು ಅಲ್ಲಿ ರೊಟ್ಟಿಗಳ ಹಾಗೆ ಪೇರಿಸಿಕೊಂಡಿದ್ದವು. ಗಿರ್ಗಿಸ್ ದಢೂತಿ ಆಳು, ಉಪ್ಪಿನಲ್ಲಿ ನೆನೆಸಿದ ತಿರ್ಮಿಸ್ ಕಾಳಿನ ಸಿಪ್ಪೆ ಹಾರಿಸುತ್ತಾ ಕುಳಿತಿದ್ದ.

"ಬಾ ಉಸ್ತಾ! ಬಾರಮ್ಮ ಮದುಮಗಳೇ! ನೋಡು, ಇದು ಜರ್ಮನಿಯ ಬ್ಯಾಂಕಿನಲ್ಲಿದ್ದದ್ದು. ಎಂಟು ಗಂಟೆ ಕೆಲಸ, ಭಾನುವಾರ ರಜ. ನಮ್ಮ ನಿಮ್ಮ ಹಾಗೆ ಸವೆದ ಜೀವ ಅಲ್ಲ."

"ಬ್ಯಾಂಕಿನಲ್ಲಿದ್ದದ್ದಕ್ಕೆ ಹಾಡು ಬರುತ್ತಾ?"

"ನೀನು ಯಾರ್ಯಾರಿಗೋ ಕಲಿಸಿದೀಯ, ಇದಕ್ಕೆ ಕಲಿಸೋಕೆ ಏನು ಕಷ್ಟ?"

"ಗಿರ್ಗಿಸ್ ಮಾಮ," ಎಂದಳು ನಗ್ಲಾ, "ದೂರದ ಊರಲ್ಲಿ ಕೂತು ಇನ್ನೊಬ್ಬರು ಇದನ್ನ ತೆಗೆದು ಕೆಲಸ ಮಾಡೋ ಹಾಗಿರಬೇಕು. ಇಂಟರ್ನೆಟ್ ಜೋರಾಗಿ ಹಿಡೀಬೇಕು."

"ದೂರದಲ್ಲಿ ಯಾರಮ್ಮ ಕೂತಿರೋದು?" ಮೆತ್ವಲ್ಲಿ ಅಚ್ಚರಿಪಟ್ಟ.

"ಯಾರೂ ಇಲ್ಲ ಬಾಬಾ. ಸುಮ್ನೆ, ಇದ್ರೆ ಒಳ್ಳೇದು."

ಮೆತ್ವಲ್ಲಿಗೆ ತನ್ನದೇ ಆದ ಪರೀಕ್ಷೆಯಿತ್ತು. ಹಳೆಯ ಮದುವೆಯೊಂದಕ್ಕೆ ಮಾಡಿದ, ನಲವತ್ತೆರಡು ಟ್ರ್ಯಾಕುಗಳ ಹಾಡೊಂದನ್ನು ಜೊತೆಗೆ ತಂದಿದ್ದ. ಅದನ್ನು ಲ್ಯಾಪ್‌ಟಾಪಿಗೆ ಹಾಕಿ, ಎಲ್ಲ ಟ್ರ್ಯಾಕುಗಳನ್ನೂ ಒಟ್ಟಿಗೆ ಓಡಿಸಿ, ಅದು ಬಿಸಿಯಾಗುವ ತನಕ ಕಾಯುತ್ತಿದ್ದ. ಆಮೇಲೆ ಹಾಡಿನ ಸದ್ದು ಪೂರ್ತಿ ಇಳಿಸಿ, ಬಾಗಿ, ಕೀಲಿಗಳ ಮೇಲೆ ಕಿವಿಯಿಟ್ಟು ಯಂತ್ರದ ಉಸಿರನ್ನು ಕೇಳುತ್ತಿದ್ದ. ಸ್ಟುಡಿಯೋ ಚಿಕ್ಕ ಕೋಣೆ, ಮೈಕಿನಿಂದ ಒಂದೂವರೆ ಮಾರು ದೂರದಲ್ಲಿ ಲ್ಯಾಪ್‌ಟಾಪು. ಅದು ಸದ್ದು ಮಾಡಿದರೆ ಹಾಡುಗಾರನ ಸ್ವರದ ಜೊತೆ ಅದೂ ಹೋಗಿ ಕೂರುತ್ತದೆ.

ಮೊದಲನೆಯದು ಇಪ್ಪತ್ತು ಟ್ರ್ಯಾಕು ದಾಟುವಷ್ಟರಲ್ಲಿ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ ಎಂದಿತು. ಎರಡನೆಯದು ಎಲ್ಲವನ್ನೂ ಹೊತ್ತಿತು, ಆದರೆ ಅದರ ಫ್ಯಾನು ಮೆಲ್ಲಗೆ ಬುಸುಗುಟ್ಟುತ್ತಿತ್ತು. ಅಷ್ಟರಲ್ಲಿ ಬೇರೆ ಗಿರಾಕಿಯೊಬ್ಬ ಬಂದದ್ದರಿಂದ ಗಿರ್ಗಿಸ್ ಹೊರಗಿನ ಕಟ್ಟೆಗೆ ಹೋದ. ಸಾಲಿನಲ್ಲಿದ್ದ ಮೂರನೆಯದನ್ನು ಮೆತ್ವಲ್ಲಿ ತಾನೇ ಎಳೆದುಕೊಂಡ. ಫ್ಯಾನೇ ಇಲ್ಲದ, ತೆಳ್ಳನೆಯ, ಬೂದು ಬಣ್ಣದ ಲ್ಯಾಪ್‌ಟಾಪು. ನಲವತ್ತೆರಡು ಟ್ರ್ಯಾಕೂ ಓಡಿದವು. ಸದ್ದು ಇಳಿಸಿ ಕಿವಿಯಿಟ್ಟ.

ಅವನ ಮುಖ ನಿಧಾನವಾಗಿ ಅರಳಿತು.

"ಸುಬ್‌ಹಾನಲ್ಲಾ," ಎಂದ ಮೆತ್ತಗೆ. "ನಮಾಜು ಮುಗಿದು ಎಲ್ಲರೂ ಹೋದ ಮೇಲೆ ಮಸೀದಿ ಇರುತ್ತಲ್ಲ, ಹಾಗಿದೆ."

ನಗ್ಲಾ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅವಳ ಕೈ ತಾನಾಗಿಯೇ ಕಿವಿಯವರೆಗೆ ಹೋಗಿ ತಲೆವಸ್ತ್ರವನ್ನು ಸರಿಪಡಿಸಿದಂತೆ ಮಾಡಿ ಕೆಳಗಿಳಿಯಿತು.

"ಎರಡನೇದೇ ಚೆನ್ನಾಗಿತ್ತು ಬಾಬಾ."

"ಅದು ಬುಸುಗುಟ್ಟುತ್ತೆ. ಇಲ್ಲಿ ಬಾ, ಕಿವಿಯಿಡು."

"ಇದರ ಇಂಟರ್ನೆಟ್ಟು..."

"ಇಂಟರ್ನೆಟ್ ಮನೆ ಹಾಳಾಯ್ತು, ಕಿವಿಯಿಡೇ ಒಂದ್ಸಲ!"

ಅವಳು ಬಂದು ಬಾಗಿದಳು. ಅಪ್ಪ ಮಗಳ ತಲೆಗಳು ಲ್ಯಾಪ್‌ಟಾಪಿನ ಮೇಲೆ ಹತ್ತಿರ ಹತ್ತಿರ ಬಂದವು. ಅವಳು ಒಂದು ಸಲ ರೆಪ್ಪೆ ಬಡಿದಳು.

"ಹೌದು," ಎಂದಳು. "ಏನೂ ಸದ್ದಿಲ್ಲ."

"ನೋಡಿದ್ಯಾ! ನಿನ್ನ ಹಾಡು ಇದರಲ್ಲೇ ಆಗೋದು."

ಗಿರ್ಗಿಸ್ ಒಳಗೆ ಬಂದವನು ಬಾಗಿಲಲ್ಲೇ ಮುಖ ಹಿಂಡಿದ.

"ಅಯ್ಯಯ್ಯೋ, ಅದನ್ನ ಯಾರು ಇಲ್ಲಿಟ್ಟಿದ್ದು? ನಾನೇ ಇಟ್ಟಿರಬೇಕು, ನನ್ನ ತಲೆಗಿಷ್ಟು! ಆಫ್ ಮಾಡಮ್ಮ ಅದನ್ನ, ಹಲ್ಲು ಜುಮ್ಮನ್ನುತ್ತೆ. ಎರಡು ಸಲ ವಾಪಸ್ ಬಂದ ಮಾಲು ಅದು. ಫ್ಯಾನಿಲ್ಲ ಅನ್ನೋದು ಬಿಟ್ರೆ ಒಳಗಿಂದ ಸೊಳ್ಳೆ ಹಾಗೆ ಸಿಳ್ಳು ಹೊಡೀತಾನೇ ಇರುತ್ತೆ. ಲೆಕ್ಕ ಬರೆಯೋ ಕಿವುಡನ್ಯಾರಾದ್ರೂ ಬಂದರೆ ದಾಟಿಸೋಣ ಅಂತ..."

ಮೆತ್ವಲ್ಲಿಯ ಮುಖವನ್ನು ನೋಡಿ ಅವನು ಮೊದಲು ತಮಾಷೆಯೇನೋ ಎಂದುಕೊಂಡ, ಆಮೇಲೆ ಕೈಯಲ್ಲಿದ್ದ ಕಾಳುಗಳನ್ನು ತಟ್ಟೆಗೆ ಹಾಕಿದ.

"ಎಲ್ಲಿ ಸಿಳ್ಳು?" ಎಂದ ಮೆತ್ವಲ್ಲಿ.

ಅವನು ಮತ್ತೆ ಬಾಗಿದ. ಎಡಗಿವಿ ಇಟ್ಟ, ಬಲಗಿವಿ ಇಟ್ಟ. ಅಂಗಡಿಯ ಮೇಜಿನ ಮರದ ತಣುಪು ಕೆನ್ನೆಗೆ ತಾಗಿತು. ಹೊರಗೆ ರೈಲಿನ ಗಾಲಿಗಳು ಉರುಳುವುದು ಕೇಳಿಸಿತು, ಯಾರೋ ಕೆಮ್ಮಿದ್ದು ಕೇಳಿಸಿತು. ಯಂತ್ರದೊಳಗೆ ಮಾತ್ರ ಆ ಖಾಲಿ ಮಸೀದಿಯೇ ಇತ್ತು. ತಲೆಯೆತ್ತಿ ಮಗಳನ್ನು ನೋಡಿದ. ನಗ್ಲಾ ನೆಲ ನೋಡುತ್ತಿದ್ದಳು. ಹೊಲಿಗೆ ತಪ್ಪಿದ ಬಟ್ಟೆಯನ್ನು ಕಂಡೂ ದಾಟಿಸಿ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದಳು.

"ನಿಂಗೆ ಕೇಳ್ತಿದೆ."

ಅವಳು ತಲೆಯಾಡಿಸಿದಳು.

"ಮತ್ತೆ ಸದ್ದಿಲ್ಲ ಅಂದೆ."

"ನಿನ್ನ ಮುಖ ಅಷ್ಟು ಚೆನ್ನಾಗಿತ್ತು ಬಾಬಾ."

ಗಿರ್ಗಿಸ್ ಸ್ಟೂಲನ್ನು ಮುಂದೆ ತಳ್ಳಿದ. ಮೆತ್ವಲ್ಲಿ ಕುಳಿತುಕೊಂಡ. ಎಷ್ಟು ದಿನದಿಂದ ಗೊತ್ತು ಎಂದು ಅವನು ಕೇಳಿದಾಗ ನಗ್ಲಾ ಮೊದಲು ಅಮ್ಮನ ಹೆಸರು ಹೇಳಿದಳು. ಕುಕ್ಕರು ಸಿಳ್ಳು ಹಾಕಿದರೂ ಒಲೆ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದೆಯಂತೆ, ಅಮ್ಮ ನಕ್ಕಳಂತೆ. ಆಮೇಲೆ ಒಮ್ಮೆಲೇ ಎಲ್ಲ ಹೇಳಿಬಿಟ್ಟಳು.

"ಎರಡೂವರೆ ವರ್ಷ ಆಯ್ತು. ಒಂದು ಹಾಡು ಕಳಿಸೋಕೆ ಮುಂಚೆ ಕೇಳಿದೆ, ಚುಚ್ತಾ ಇತ್ತು. ನಿಂಗೆ ಕೇಳದ ಚೂಪು ಸದ್ದನ್ನೆಲ್ಲ ನೀನು ಮೇಲೆತ್ತಿದ್ದೆ. ನೀನು ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ನಿನ್ನನ್ನ ಎಬ್ಬಿಸಿ ಹೇಳೋಕೆ ಮನಸ್ಸಾಗ್ಲಿಲ್ಲ. ಟ್ರೆಬಲ್ ಸ್ವಲ್ಪ ಇಳಿಸಿ ಕಳಿಸಿದೆ. ಬಯೂಮಿ ಮಾಮ ಫೋನ್ ಮಾಡಿ ಹೊಗಳಿದ್ರು. ಆಮೇಲೆ ಪ್ರತಿ ಹಾಡೂ... ನೀನು ಮಲಗಿದಾಗ."

"ಎಲ್ಲಾ ಹಾಡೂನಾ?"

"ಬೇರೇನೂ ಮುಟ್ಟಿಲ್ಲ ಬಾಬಾ. ದೇವರಾಣೆ. ತುದಿ ಮಾತ್ರ ಮೆತ್ತಗೆ ಮಾಡಿದೀನಿ. ಚಳಿಗಾಲದಿಂದ ಎರಡೆರಡು ಪಾಳಿ ಹಾಕಿದ್ರಲ್ಲ, ಮಧ್ಯಾಹ್ನ ಮನೇಲಿರೋಕೆ ಆಗ್ಲಿಲ್ಲ. ಇದ್ದದ್ದನ್ನ ಇದ್ದಂಗೇ ಕಳಿಸಿದೆ."

ಆರು ತಿಂಗಳು. ಮೂವರು ಹಾಡುಗಾರರು. ಮೆತ್ವಲ್ಲಿ ಲೆಕ್ಕ ಹಾಕಲಿಲ್ಲ, ಅದು ತಾನೇ ಬಂದು ಎದುರಿಗೆ ನಿಂತಿತು. ಅದಕ್ಕಿಂತ ಹಿಂದಿನ ಎರಡು ವರ್ಷಗಳೂ ಬಂದು ನಿಂತವು. ಉಸ್ತಾನ ಕೈ ಈಗ ಹದಕ್ಕೆ ಬಂದಿದೆ, ವಯಸ್ಸಿನ ಜೊತೆ ಹಾಡೂ ಮಾಗಿದೆ ಎಂದು ಊರು ಹೇಳುತ್ತಿದ್ದ ವರ್ಷಗಳು. ಒಬ್ಬ ಹಾಡುಗಾರ ಅವನ ಹಣೆಗೆ ಮುತ್ತಿಟ್ಟಿದ್ದ. ಆ ಮುತ್ತು ಯಾರ ಹಣೆಗೆ ಸೇರಬೇಕಾದದ್ದು?

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಮಲಗಿದ ಅಪ್ಪನ ಗೊರಕೆ ಕೇಳುತ್ತಾ, ಹೆಡ್‌ಫೋನನ್ನು ತಲೆವಸ್ತ್ರದ ಮೇಲೆ ಹಾಕಿಕೊಂಡು, ಕಳ್ಳಿಯ ಹಾಗೆ ಕುಳಿತು ಅವನ ಸ್ವರಗಳ ಅಂಚು ಉಜ್ಜುತ್ತಿದ್ದ ಹುಡುಗಿಯೊಬ್ಬಳನ್ನು ಅವನು ಕಂಡ. ಕೂದಲೆಳೆಯಷ್ಟು ಉಜ್ಜಿ, ಕೇಳಿ, ಮತ್ತೆ ಉಜ್ಜಿ. ಅವನು ಮನೆಯಲ್ಲಿ ಯಾರಿಗೂ ಕಲಿಸದೆ ಬಿಟ್ಟ ಕಸುಬು ಅದು. ಅವಳು ಹೇಗೆ ಕಲಿತಳು? ಇವಳಿಗೆ ಒಂದು ದಿನವೂ ಪಕ್ಕದಲ್ಲಿ ಕೂರಿಸಿಕೊಂಡು ಏನನ್ನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟದ್ದೆಲ್ಲ ಇಮಾದ್‌ಗೆ.

"ದಮಿಯತ್ತಾದಿಂದಲೂ ಮಾಡ್ತೀನಿ," ಎಂದಳು ನಗ್ಲಾ. "ಅದಕ್ಕೇ ಇಂಟರ್ನೆಟ್ ಕೇಳಿದ್ದು. ನಿಂಗೆ ಗೊತ್ತಾಗದ ಹಾಗೆ."

"ಡಾಕ್ಟರಿಗೆ ತೋರಿಸು ಉಸ್ತಾ," ಎಂದ ಗಿರ್ಗಿಸ್. "ನನ್ನ ಭಾವಮೈದ ಒಂದು ಯಂತ್ರ ಹಾಕ್ಕೊಂಡಿದಾನೆ, ಕಿವಿಯೊಳಗೆ ಕಡಲೆಕಾಳಷ್ಟು. ಈಗ ಹೆಂಡತಿ ಬೈಗುಳ ಎಲ್ಲಾ ಕೇಳುತ್ತಂತೆ, ಕಿತ್ತು ಬಿಸಾಕ್ತೀನಿ ಅಂತಾನೆ."

ಮೆತ್ವಲ್ಲಿ ನಗಲು ನೋಡಿದ. ಕಡಲೆಕಾಳಷ್ಟು ಯಂತ್ರ ಬೈಗುಳವನ್ನು ತಂದುಕೊಟ್ಟೀತು. ದಫ್‌ನ ಗೆಜ್ಜೆಗಳ ನಡುವೆ ಒಂದು ಹೆಣ್ಣಿನ ಹೆಸರು ಎಷ್ಟು ಮೆತ್ತಗೆ ಕೂರಬೇಕು ಎನ್ನುವುದನ್ನು ಅದು ಹೇಳಿಕೊಡುವುದಿಲ್ಲ. ಅದೂ ಎರಡು ವಾರದೊಳಗೆ.

"ಇದನ್ನ ಒಳಗಿಟ್ಬಿಡ್ತೀನಿ," ಗಿರ್ಗಿಸ್ ಬೂದು ಲ್ಯಾಪ್‌ಟಾಪನ್ನು ಮುಚ್ಚಿದ. ನಗ್ಲಾಳ ಭುಜಗಳು ಇಳಿದದ್ದನ್ನು ಮೆತ್ವಲ್ಲಿ ಗಮನಿಸಿದ. ಸದ್ದು ನಿಂತಿತೆಂದು ಅವನಿಗೆ ಗೊತ್ತಾದದ್ದು ಅದರಿಂದಲೇ. "ಆ ಎರಡನೇದನ್ನ ಕಟ್ಲಾ? ನಿಂಗೆ ಕೊಟ್ಟ ಬೆಲೆಗೆ ನನ್ನ ಅಣ್ಣಂಗೂ ಕೊಡಲ್ಲ," ಎಂದ ಗಿರ್ಗಿಸ್.

"ಕಟ್ಟಿ ಮಾಮ," ಎಂದಳು ನಗ್ಲಾ. "ಬಾಬಾ, ಕೇಳು. ಇವತ್ತೇ ಕೂತ್ಕೊಳ್ಳೋಣ. ನಾನು ಪಕ್ಕದಲ್ಲಿರ್ತೀನಿ. ಎಲ್ಲಿ ಚುಚ್ಚುತ್ತೆ ಅಂತ ನಾನು ಹೇಳ್ತೀನಿ, ಇಳಿಸೋನು ನೀನೇ. ಹಾಡು ನಿನ್ನದೇ ಆಗುತ್ತೆ."

"ಯಾವ ಹಾಡು?"

"ನನ್ನ ಹಾಡು."

"ನೀನು ಕೇಳೋ ಹಾಗಿಲ್ಲ ಅದನ್ನ."

"ಅದನ್ನೆಲ್ಲ ನೀನೇ ನಂಬಲ್ಲ."

"ಊರಿನ ಮದುಮಕ್ಕಳನ್ನೆಲ್ಲ ಬಾಗಿಲಿಂದ ಓಡಿಸಿದೀನಿ ನಾನು. ನನ್ನ ಮಗಳನ್ನ ಒಳಗೆ ಕೂರಿಸ್ಕೊಳ್ಲಾ?"

"ಅಮ್ಮಂಗೆ ಯಾರು ಹೇಳ್ತಾರೆ? ಗಿರ್ಗಿಸ್ ಮಾಮ, ನೀವು ಹೇಳ್ತೀರಾ?"

"ನಾನು ಏನೂ ಕೇಳಿಸ್ಕೊಂಡೇ ಇಲ್ಲ," ಎಂದವನು, ಆಡಿದ ಮಾತಿಗೆ ತಾನೇ ನಾಲಿಗೆ ಕಚ್ಚಿಕೊಂಡ.

ಮೆತ್ವಲ್ಲಿ ತನ್ನ ಕೈಗಳನ್ನು ನೋಡಿಕೊಂಡ. ಆ ಕೋಣೆಗೆ ಕಿವಿಯಾಗಬಲ್ಲವಳು ಜಗತ್ತಿನಲ್ಲಿ ಒಬ್ಬಳೇ, ಆ ಹಾಡನ್ನು ಕೇಳಬಾರದವಳೂ ಅವಳೊಬ್ಬಳೇ. ಅವಳು ಮೆಟ್ಟಿಲ ಮೇಲೆ ನಿಂತಿರುವುದು ಅವನ ಕಣ್ಣಿಗೆ ಕಟ್ಟಿತು. ಎರಡೂವರೆ ವರ್ಷ ಅವನ ಮುಂದೆ ಏನೂ ಗೊತ್ತಿಲ್ಲದವಳ ಹಾಗೆ ಓಡಾಡಿದ ಹುಡುಗಿ. ತವರಿನ ಕೊನೆಯ ಗಳಿಗೆಯಲ್ಲೂ, ಮೊದಲ ಸಲ ಕೇಳುತ್ತಿರುವವಳ ಹಾಗೆ, ಅವನಿಗಾಗಿ ನಟಿಸುವಳು. ಚೆನ್ನಾಗಿಯೇ ನಟಿಸುವಳು. ಬೀದಿಗೆ ಬೀದಿಯೇ ನಂಬುತ್ತದೆ. ಅವಳು ಅದನ್ನು ನಿಜವಾಗಿಯೂ ಮೊದಲ ಸಲ ಕೇಳಬೇಕು.

"ಇಮಾದ್ ಈ ಹೊತ್ತಿಗೆ ಅಂಗಡೀಲಿರ್ತಾನಾ?" ಎಂದು ಅವನು ಗಿರ್ಗಿಸ್‌ನನ್ನು ಕೇಳಿದ.

"ಇಮಾದಾ? ಇರ್ತಾನೆ, ಸಂಜೆವರೆಗೂ ಇರ್ತಾನೆ. ಯಾಕೆ ಉಸ್ತಾ?"

ಮೆತ್ವಲ್ಲಿ ಸ್ಟೂಲಿನಿಂದೆದ್ದು ಅಂಗಿ ಕೊಡವಿಕೊಂಡ. ಇನ್ಸಾಫಳ ಕರವಸ್ತ್ರದ ಗಂಟನ್ನು ನಗ್ಲಾಳ ಕೈಗಿತ್ತ.

"ಇಮಾದ್ ಯಾಕೆ ಬಾಬಾ? ಅವನ ಹತ್ರ ಯಾಕೆ?" ಅವಳ ದನಿ ಮೇಲೇರಿತು. "ಬೇಡ. ನೀನು ಮಾಡಿದ ಹಾಗೇ ಇರಲಿ. ಚುಚ್ಚಿದ್ರೆ ಚುಚ್ಚಲಿ, ಬೀದಿಯವರು ಕಿವಿ ಮುಚ್ಕೊಳ್ಲಿ. ಮೆಟ್ಟಿಲಲ್ಲಿ ಅಳ್ತೀನಿ ಬಾಬಾ, ನಿಜವಾಗ್ಲೂ ಅಳ್ತೀನಿ, ಸುಳ್ಳು ಅಳು ಅಲ್ಲ..."

"ಕೂತ್ಕೊ ಉಸ್ತಾ, ಚಹಾ ಹೇಳಿದೀನಿ," ಎಂದು ಗಿರ್ಗಿಸ್ ನಡುವೆ ಬಾಯಿ ಹಾಕಿದ. "ಅವಸರ ಏನಿದೆ? ನಾಳೆ ನಾನೇ ಇಮಾದ್‌ನ ಇಲ್ಲಿಗೆ ಕರೆಸ್ತೀನಿ, ಎದುರಾ ಬದುರಾ ಕೂತು..."

ಆ ಮಾತು ಮುಗಿಯುವುದಕ್ಕೆ ಮುಂಚೆಯೇ ಮೆತ್ವಲ್ಲಿ ಹೊಸ್ತಿಲು ದಾಟಿ, ಓಣಿಯ ಬಿಸಿಲಿಗಿಳಿದು, ರೈಲ್ವೆ ಗೇಟಿನ ಕಡೆ ನಡೆಯತೊಡಗಿದ್ದ.